ಟೆರೇಸಿನ ಮೇಲೆ ಹಾಟ್ ಟಬ್: ಪುಣೆ, ಮುಂಬೈ, ಗೋವಾದಲ್ಲಿ ಯಾರ ಒಪ್ಪಿಗೆ ಬೇಕು, ಏನೇನು ನೋಡಿಕೊಳ್ಳಬೇಕು

ಹಾಟ್ ಟಬ್ ಎಂದರೆ ನಾಲ್ಕೈದು ಜನ ಕೂತು ಮೈ ನೆನೆಸುವ, ಜೆಟ್ಟುಗಳಿರುವ ಬಿಸಿನೀರಿನ ತೊಟ್ಟಿ. ಪುಣೆ ಮಹಾನಗರಪಾಲಿಕೆಯ ಕೌಂಟರಿಗೆ ಹೋಗಿ ‘ಹಾಟ್ ಟಬ್ ಪರ್ಮಿಟ್’ ಕೇಳಿದರೆ ಅಂಥ ಹೆಸರಿನ ಅರ್ಜಿ ಸಿಗುವುದಿಲ್ಲ. ಇದನ್ನೇ ಹಿಡಿದುಕೊಂಡು ಟಬ್ ಮಾರುವವರು ‘ಪರ್ಮಿಷನ್ ಏನೂ ಬೇಡ ಸರ್, ಭಾನುವಾರ ಬಂದು ಫಿಟ್ ಮಾಡಿಕೊಡ್ತೀವಿ’ ಎನ್ನುತ್ತಾರೆ. ಅರ್ಜಿ ಇಲ್ಲ ಎಂಬುದು ನಿಜ. ಆದರೆ ಟಬ್ಬಿನ ಒಂದೊಂದು ಭಾಗಕ್ಕೂ ಒಂದೊಂದು ನಿಯಮ ಆಗಲೇ ಇದೆ. ಭಾರ ಸೊಸೈಟಿಗೂ (ಫ್ಲ್ಯಾಟ್ ಮಾಲೀಕರ ಸಂಘ) ಸ್ಟ್ರಕ್ಚರಲ್ ಎಂಜಿನಿಯರಿಗೂ ಸೇರಿದ್ದು, ಕಟ್ಟಡದಲ್ಲಿ ಮಾಡುವ ಬದಲಾವಣೆ ಪಾಲಿಕೆಗೆ, ಕರೆಂಟ್ ವಿದ್ಯುತ್ ಕಂಪನಿಗೆ. ಟಬ್ಬಿನ ಮುಂಗಡ ಕೊಡುವ ಮೊದಲೇ ಈ ಬಾಗಿಲುಗಳನ್ನೆಲ್ಲ ತಟ್ಟಬೇಕು. ಮೊದಲು ತಟ್ಟಬೇಕಾದದ್ದು ಎಂಜಿನಿಯರ್ ಬಾಗಿಲು, ಏಕೆಂದರೆ ಅಲ್ಲಿ ‘ಆಗದು’ ಎಂದರೆ ಉಳಿದವರ ಹತ್ತಿರ ಹೋಗುವ ಕೆಲಸವೇ ಇಲ್ಲ.

ಸ್ಲ್ಯಾಬ್ ಎಷ್ಟು ಹೊರುತ್ತದೆ

ನಮ್ಮ ಕಟ್ಟಡಗಳ ಲೆಕ್ಕ ನಿಂತಿರುವುದು ಐಎಸ್ 875 ಎಂಬ ಭಾರತೀಯ ಮಾನದಂಡದ ಭಾಗ 2ರ ಮೇಲೆ. ಅದರ ಪ್ರಕಾರ ಮನೆಯ ಕೋಣೆಗಳಿಗೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಹೆಚ್ಚುಕಡಿಮೆ 200 ಕೆ.ಜಿ. ಭಾರ. ಓಡಾಡಲು ಬರುವ ಚಪ್ಪಟೆ ಟೆರೇಸಿಗೆ 1.5 ಕಿಲೋನ್ಯೂಟನ್, ಅಂದರೆ 150 ಕೆ.ಜಿ. ಮಾತ್ರ. ರಿಪೇರಿಗೆಂದು ಮಾತ್ರ ಹತ್ತುವ ಮಾಡಿಗೆ ಅದರಲ್ಲೂ ಅರ್ಧ. ಟೆರೇಸ್ ಬಯಲಾಗಿದೆ, ಗಟ್ಟಿಯಾಗಿ ಕಾಣುತ್ತದೆ, ಹಾಗಾಗಿ ಕೋಣೆಗಿಂತ ಹೆಚ್ಚು ಹೊರುತ್ತದೆ ಎಂದುಕೊಳ್ಳುವವರೇ ಹೆಚ್ಚು. ಸಂಗತಿ ತಿರುಗುಮುರುಗು.

ಈಗ ಟಬ್ಬಿನ ಲೆಕ್ಕ. ನಾಲ್ಕೈದು ಜನರ ಸಾಮಾನ್ಯ ಟಬ್ 2 ಮೀಟರ್ ಉದ್ದ, 2 ಮೀಟರ್ ಅಗಲ. ನೀರು 1,200 ಲೀಟರ್, ಅಂದರೆ 1,200 ಕೆ.ಜಿ. ಖಾಲಿ ಟಬ್ಬಿನ ತೂಕ ಸುಮಾರು 300. ನಾಲ್ವರು ಕೂತರೆ ಇನ್ನೂ 280. ಒಟ್ಟು 1,780 ಕೆ.ಜಿ.ಯನ್ನು 4 ಚದರ ಮೀಟರಿಗೆ ಹಂಚಿದರೆ ಚದರ ಮೀಟರಿಗೆ 445 ಕೆ.ಜಿ. ಬರುತ್ತದೆ. ಟೆರೇಸಿನ ಲೆಕ್ಕದ ಮೂರು ಪಟ್ಟು. ಗಾಳಿ ತುಂಬುವ ಟಬ್ ಹಗುರ ಎಂಬ ಮಾತೂ ಖಾಲಿ ಇದ್ದಾಗ ಮಾತ್ರ ನಿಜ: 2 ಮೀಟರ್ ವ್ಯಾಸದ್ದಕ್ಕೆ 800 ಲೀಟರ್ ನೀರು, ನಾಲ್ಕು ಜನ ಸೇರಿಸಿದರೆ ಅದೂ ಚದರ ಮೀಟರಿಗೆ 350 ಕೆ.ಜಿ. ದಾಟುತ್ತದೆ. ಒಂದು ಸುಲಭ ಸೂತ್ರ ನೆನಪಿರಲಿ: ಬರೀ 15 ಸೆಂಟಿಮೀಟರ್ ಆಳದ ನೀರು ನಿಂತರೆ ಟೆರೇಸಿನ ಪೂರ್ತಿ ಲೆಕ್ಕ ಮುಗಿಯಿತು.

ಇದರ ಮೇಲೆ ಇನ್ನೊಂದು ಭಾರವಿದೆ, ಕಣ್ಣಿಗೆ ಕಾಣದ್ದು. ಪುಣೆ, ಮುಂಬೈಯ ಹಳೆಯ ಟೆರೇಸುಗಳ ಮೇಲೆ ವಾಟರ್‌ಪ್ರೂಫಿಂಗಿಗೆಂದು ಬ್ರಿಕ್‌ಬ್ಯಾಟ್ ಕೋಬಾ, ಅಂದರೆ ಇಟ್ಟಿಗೆ ಚೂರು-ಸಿಮೆಂಟಿನ ಪದರ, ಹಾಕಿರುತ್ತಾರೆ. 15 ಸೆಂ.ಮೀ. ದಪ್ಪದ ಕೋಬಾ ಚದರ ಮೀಟರಿಗೆ 270ರಿಂದ 300 ಕೆ.ಜಿ. ತೂಗುತ್ತದೆ. ಒಂದು ಪದರದ ಭಾರವನ್ನು ವಿನ್ಯಾಸದಲ್ಲೇ ಹಿಡಿದಿರಬಹುದು. ಆದರೆ ಸೋರಿದಾಗಲೆಲ್ಲ ಹಳೆಯದನ್ನು ಒಡೆದು ಕೆಳಗಿಳಿಸುವ ಖರ್ಚು ಉಳಿಸಲು ಅದರ ಮೇಲೆಯೇ ಹೊಸ ಪದರ ಹಾಕಿದ ಕಟ್ಟಡಗಳಿಗೆ ಲೆಕ್ಕವಿಲ್ಲ. ಅಂಥ ಸ್ಲ್ಯಾಬ್ ಟಬ್ ಬರುವ ಮೊದಲೇ ಮಿತಿ ಮುಟ್ಟಿರುತ್ತದೆ.

ಎಂಜಿನಿಯರ್ ಪಾಲಿಕೆಯ ಲೈಸೆನ್ಸ್ ಇರುವವರೇ ಆಗಿರಲಿ. ಅವರಿಗೆ ಕೊಡಬೇಕಾದವು: ಕಟ್ಟಡದ ಆರ್‌ಸಿಸಿ ಡ್ರಾಯಿಂಗ್ (ಸೊಸೈಟಿಯ ಕಪಾಟಿನಲ್ಲೋ ಬಿಲ್ಡರ್ ಹತ್ತಿರವೋ ಇರುತ್ತದೆ), ಟಬ್ಬಿನ ತುಂಬಿದ ತೂಕ ಬರೆದಿರುವ ಕಂಪನಿಯ ಸ್ಪೆಸಿಫಿಕೇಷನ್ ಹಾಳೆ, ಇಡಬೇಕೆಂದಿರುವ ಜಾಗದ ನಕ್ಷೆ. ಡ್ರಾಯಿಂಗ್ ಸಿಗದಿದ್ದರೆ ಕಬ್ಬಿಣ ಎಲ್ಲಿದೆ, ಎಷ್ಟಿದೆ ಎಂದು ಸ್ಕ್ಯಾನ್ ಮಾಡಿಸಬೇಕು. ಜೊತೆಗೆ ಕಾಂಕ್ರೀಟಿನ ಗಟ್ಟಿತನ ನೋಡುವ ರಿಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್ ಪರೀಕ್ಷೆ. ಸಾಮಾನ್ಯವಾಗಿ ಬರುವ ಪರಿಹಾರ ಒಂದೇ: ಟಬ್ಬನ್ನು ಸ್ಲ್ಯಾಬಿನ ನಡುವೆ ಇಡದೆ, ಬೀಮ್‌ನಿಂದ ಬೀಮ್‌ಗೆ ಉಕ್ಕಿನ ಐ-ಸೆಕ್ಷನ್ ಹಾಯಿಸಿ ಅದರ ಮೇಲೆ ಕೂರಿಸುವುದು. ಆಗ ಭಾರ ಸ್ಲ್ಯಾಬಿಗೆ ಬೀಳದೆ ಬೀಮ್ ಮೂಲಕ ಕಾಲಮ್ಮಿಗೆ ಇಳಿಯುತ್ತದೆ. ‘ಚಪ್ಪಟೆ ಹಲಗೆ ಹಾಸಿ ಭಾರ ಹರಡುತ್ತೇವೆ’ ಎನ್ನುವ ಫಿಟ್ಟರನ ಮಾತು ಇದಕ್ಕೆ ಸಮವಲ್ಲ. ಹಲಗೆ ಬಾಗಿದರೆ ಭಾರ ಇದ್ದಲ್ಲೇ ಇರುತ್ತದೆ.

ಹೊರಚಾಚಿದ ಬಾಲ್ಕನಿಯ ಮೇಲೆ ಮಾತ್ರ ಯಾವ ಟಬ್ಬೂ ಬೇಡ, ಎಂಜಿನಿಯರನ್ನು ಕೇಳುವುದೂ ಬೇಡ. ಕ್ಯಾಂಟಿಲಿವರ್ ಸ್ಲ್ಯಾಬಿನಲ್ಲಿ ಭಾರ ಹಿಡಿಯುವ ಕಬ್ಬಿಣ ಮೇಲ್ಭಾಗದಲ್ಲಿರುತ್ತದೆ. ಅದೇ ಭಾಗದಲ್ಲಿ ನೀರಿಳಿದು ತುಕ್ಕು ಹಿಡಿಯುವುದು. ಆಚೆ ತುದಿಗೆ ಬೇರೆ ಆಧಾರವಿಲ್ಲವಾದ್ದರಿಂದ ಅದು ಬಿರುಕು ಬಿಟ್ಟು ಎಚ್ಚರಿಸುತ್ತಾ ಕೂರುವುದಿಲ್ಲ, ಒಮ್ಮೆಲೇ ಕಳಚಿಕೊಳ್ಳುತ್ತದೆ.

ಮಹಾರಾಷ್ಟ್ರದ ಸೊಸೈಟಿಗಳ ಮಾದರಿ ಬೈಲಾ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು. ಆ ವರದಿ ಕೇಳಿ ಓದಿ. ಅದರಲ್ಲಿ ‘ರಿಪೇರಿ ಬೇಕು’ ಎಂದಿದ್ದು ರಿಪೇರಿ ಆಗಿಲ್ಲದಿದ್ದರೆ ಟಬ್ಬಿನ ಮಾತು ಅಲ್ಲಿಗೆ ನಿಲ್ಲಿಸಿ.

ಸೊಸೈಟಿ ಮತ್ತು ಪಾಲಿಕೆ

ಮೊದಲು ಟೆರೇಸ್ ಯಾರದು ಎಂದು ಖಚಿತ ಮಾಡಿಕೊಳ್ಳಿ. ನಿಮ್ಮ ಅಗ್ರಿಮೆಂಟಿನಲ್ಲೂ ಮಂಜೂರಾದ ನಕ್ಷೆಯಲ್ಲೂ ಫ್ಲ್ಯಾಟಿಗೆ ಅಂಟಿಕೊಂಡ ಟೆರೇಸ್ ಎಂದಿದ್ದರೆ ಅರ್ಜಿ ಹಾಕಬಹುದು. ಎಲ್ಲಕ್ಕಿಂತ ಮೇಲಿನ ಗಚ್ಚಿ ಸೊಸೈಟಿಯ ಸಾಮಾನ್ಯ ಆಸ್ತಿ. ಅದನ್ನು ಒಬ್ಬರಿಗೆ ಬಿಟ್ಟುಕೊಡಲು ಸೆಕ್ರೆಟರಿಯ ‘ಆಯ್ತು, ಹಾಕ್ಕೊಳ್ಳಿ’ ಸಾಲದು. ಓವರ್‌ಹೆಡ್ ಟ್ಯಾಂಕ್, ಅಗ್ನಿಶಾಮಕ ಟ್ಯಾಂಕ್, ಲಿಫ್ಟ್ ಮಷೀನ್ ರೂಮಿಗೆ ಹೋಗುವ ದಾರಿಯಲ್ಲೂ, ಬೆಂಕಿ ಬಿದ್ದಾಗ ಜನ ಬಂದು ನಿಲ್ಲುವ ರೆಫ್ಯೂಜ್ ಏರಿಯಾದಲ್ಲೂ ಏನನ್ನೂ ಇಡುವಂತಿಲ್ಲ.

ಫ್ಲ್ಯಾಟಿನಲ್ಲಿ ಬದಲಾವಣೆ ಮಾಡಲು ಸೊಸೈಟಿ ಕಮಿಟಿಯ ಲಿಖಿತ ಒಪ್ಪಿಗೆ ಬೇಕೆಂದು ಬೈಲಾ ಹೇಳುತ್ತದೆ. ಪುಣೆಯಲ್ಲಿ ಈ ಕಾಗದದ ಹೆಸರು ‘ನಾ ಹರಕತ್ ಪ್ರಮಾಣಪತ್ರ’, ಬಾಯಿಮಾತಿನಲ್ಲಿ ಎನ್ಒಸಿ. ಅರ್ಜಿಯಲ್ಲಿ ಬರೀ ‘ಟಬ್ ಇಡುತ್ತೇನೆ’ ಎಂದರೆ ಕಮಿಟಿ ಭಯಪಟ್ಟು ಬೇಡ ಎನ್ನುತ್ತದೆ, ತಪ್ಪಲ್ಲ. ತುಂಬಿದ ತೂಕ, ಎಂಜಿನಿಯರ್ ವರದಿ, ನೀರು ಹೊರಹೋಗುವ ಪೈಪಿನ ನಕ್ಷೆ, ವೈರಿಂಗ್ ನಕ್ಷೆ, ಪಂಪ್ ಓಡುವ ಹೊತ್ತು, ಎಷ್ಟು ದಿನಕ್ಕೊಮ್ಮೆ ನೀರು ಬದಲಿಸುತ್ತೀರಿ ಎಂಬುದು, ಕೆಳಗಿನ ಮನೆಗೆ ಸೋರಿದರೆ ಖರ್ಚು ನನ್ನದು ಎಂಬ ಮುಚ್ಚಳಿಕೆ ಸ್ಟಾಂಪ್ ಪೇಪರಿನ ಮೇಲೆ: ಇಷ್ಟೂ ಒಟ್ಟಿಗೆ ಕೊಡಿ. ಕೆಲಸ ಶುರುವಾಗುವ ಮೊದಲು ಕೆಳಗಿನ ಮನೆಯ ಸೀಲಿಂಗಿನ ಫೋಟೊ ಅವರೆದುರೇ ತೆಗೆದು ಇಬ್ಬರೂ ತಾರೀಖು ಹಾಕಿಟ್ಟುಕೊಳ್ಳಿ. ಹಳೆಯ ಕಲೆ ಯಾವುದು, ಹೊಸದು ಯಾವುದು ಎಂಬ ಜಗಳ ಮುಂದೆ ಬರುವುದಿಲ್ಲ.

ಟಬ್ ಮೇಲೆ ಹೋಗುವ ದಾರಿಯನ್ನೂ ಆಗಲೇ ಅಳೆಯಿರಿ. ಎರಡು ಮೀಟರಿನ ಶೆಲ್ಲನ್ನು ನಿಲ್ಲಿಸಿದರೂ ಲಿಫ್ಟಿನಲ್ಲಿ ಹಿಡಿಸುವುದು ಅಪರೂಪ. ಕ್ರೇನ್ ತರಿಸುವುದಾದರೆ ಸೊಸೈಟಿಯ ಒಪ್ಪಿಗೆ ಬೇರೆ, ಅದು ರಸ್ತೆಯಲ್ಲಿ ನಿಲ್ಲುವುದಾದರೆ ಟ್ರಾಫಿಕ್ ಪೊಲೀಸರ ಒಪ್ಪಿಗೆಯೂ ಬೇಕು.

ಪಾಲಿಕೆಯ ಮಾತು ಟಬ್ಬಿನ ಬಗೆಯ ಮೇಲೆ ನಿಂತಿದೆ. ಎತ್ತಿ ಬೇರೆಡೆ ಇಡಬಹುದಾದ, ಪ್ಲಗ್ ಹಾಕಿ ಬಳಸುವ ಟಬ್ ಒಂದು ಸಾಮಾನು. ಇಟ್ಟಿಗೆ-ಕಾಂಕ್ರೀಟಿನಲ್ಲಿ ಕಟ್ಟಿದ, ನೆಲದೊಳಗೆ ಇಳಿಸಿದ, ಸುತ್ತ ಡೆಕ್ ಎತ್ತರಿಸಿದ, ಮೇಲೆ ಶೆಡ್ ಹಾಕಿದ ಟಬ್ ಹಾಗಲ್ಲ. 1966ರ ಎಂಆರ್‌ಟಿಪಿ ಕಾಯ್ದೆ (ಮಹಾರಾಷ್ಟ್ರದ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆ) ‘ಅಭಿವೃದ್ಧಿ’ ಎಂಬುದರೊಳಗೆ ಕಟ್ಟಡದಲ್ಲಿ ಮಾಡುವ ಮಹತ್ವದ ಬದಲಾವಣೆಯನ್ನೂ ಸೇರಿಸಿದೆ. ಅದಕ್ಕೆ 44ನೇ ಕಲಂ ಅಡಿ ಅರ್ಜಿ ಬೇಕು. ಇಲ್ಲದೆ ಕಟ್ಟಿದರೆ 53ನೇ ಕಲಂ ನೋಟಿಸು ಬರುತ್ತದೆ, 52ನೇ ಕಲಂನಲ್ಲಿ ಜೈಲುಶಿಕ್ಷೆಯೂ ಇದೆ. ಪುಣೆ, ಪಿಂಪ್ರಿ-ಚಿಂಚ್‌ವಡ್‌ಗಳಲ್ಲಿ ನಕ್ಷೆ ಪರಿಶೀಲಿಸುವುದು 2020ರಲ್ಲಿ ಬಂದ ಯುಡಿಸಿಪಿಆರ್ ಎಂಬ ರಾಜ್ಯದ ಕಟ್ಟಡ ನಿಯಮಾವಳಿ ಪ್ರಕಾರ. ಮುಂಬೈಗೆ ಅದು ಅನ್ವಯಿಸುವುದಿಲ್ಲ, ಅಲ್ಲಿ ಅದರದೇ ನಿಯಮಾವಳಿ ಡಿಸಿಪಿಆರ್ 2034 ಇದೆ. ಇರುವ ಕಟ್ಟಡದಲ್ಲಿ ಬದಲಾವಣೆಗೆ 1888ರ ಮುಂಬೈ ಪಾಲಿಕೆ ಕಾಯ್ದೆಯ 342ನೇ ಕಲಂ ನೋಟಿಸ್ ಕೊಡಬೇಕು, ವಿಚಾರಿಸಬೇಕಾದದ್ದು ವಾರ್ಡ್ ಆಫೀಸಿನ ಬಿಲ್ಡಿಂಗ್ ಅಂಡ್ ಫ್ಯಾಕ್ಟರಿ ವಿಭಾಗದಲ್ಲಿ. ಎರಡೂ ಊರಲ್ಲಿ ಅರ್ಜಿ ಹೋಗುವುದು ಲೈಸೆನ್ಸ್ ಇರುವ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ಮೂಲಕ. ರೋ ಹೌಸ್, ಬಂಗಲೆ ಇರುವವರು ಪಕ್ಕದ ಮಾರ್ಜಿನ್ ಜಾಗದಲ್ಲಿ (ಕಾಂಪೌಂಡಿಗೂ ಮನೆಗೂ ನಡುವೆ ಬಿಡಬೇಕಾದ ಜಾಗ) ಟಬ್ ಹೂಳುವ ಮೊದಲು ಇದನ್ನು ಮುಖ್ಯವಾಗಿ ನೋಡಬೇಕು, ಏಕೆಂದರೆ ದೂರು ಬರುವುದು ಪಕ್ಕದ ಕಾಂಪೌಂಡಿನಿಂದ.

ಕರೆಂಟು

ಪೂರ್ಣ ಗಾತ್ರದ ಟಬ್ಬಿನ ಹೀಟರ್ 3 ಕಿಲೋವ್ಯಾಟ್, ಪಂಪು-ಬ್ಲೋವರ್ ಸೇರಿ ಇನ್ನೊಂದು 2. ಒಟ್ಟು 5 ಕಿಲೋವ್ಯಾಟ್ ಎಂದರೆ 22 ಆಂಪಿಯರ್ ಹತ್ತಿರ. ರಾಜ್ಯದ ವಿದ್ಯುತ್ ಕಂಪನಿ ಮಹಾವಿತರಣದ ಬಿಲ್ಲಿನಲ್ಲಿ ‘ಮಂಜೂರ್ ಭಾರ್’ (ಮಂಜೂರಾದ ಲೋಡ್) ಎಂಬ ಸಾಲು ನೋಡಿ. ಅಲ್ಲಿ 3 ಅಥವಾ 4 ಕಿಲೋವ್ಯಾಟ್ ಇದ್ದು ಮನೆಯಲ್ಲಿ ಎರಡು ಎ.ಸಿ., ಗೀಸರ್ ಓಡುತ್ತಿದ್ದರೆ ಟಬ್ಬಿಗೆ ಜಾಗವಿಲ್ಲ, ಲೋಡ್ ಹೆಚ್ಚಿಸಲು ಅರ್ಜಿ ಹಾಕಬೇಕು. ಮೂರು ಫೇಸಿಗೆ ಹೋದರೆ ಸ್ಥಿರ ಶುಲ್ಕವೂ ಏರುತ್ತದೆ. ಮುಂಬೈಯಲ್ಲಿ ಅರ್ಜಿ ಎಲ್ಲಿಗೆ ಎಂಬುದು ನಿಮ್ಮ ಬಡಾವಣೆಯ ಮೇಲೆ: ದ್ವೀಪನಗರದಲ್ಲಿ ಬೆಸ್ಟ್, ಉಪನಗರಗಳಲ್ಲಿ ಹೆಚ್ಚಿನ ಕಡೆ ಅದಾನಿ ಅಥವಾ ಟಾಟಾ, ಮುಲುಂಡ್, ಭಾಂಡುಪ್ ಕಡೆ ಮಹಾವಿತರಣ.

ವೈರಿಂಗ್ ಕೆಲಸ ಸರ್ಕಾರಿ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಕೈಯಲ್ಲೇ ಆಗಬೇಕು, ಕೊನೆಗೆ ಅವರ ಸಹಿಯ ಟೆಸ್ಟ್ ರಿಪೋರ್ಟ್ ಪಡೆಯಬೇಕು. ಹೇಳಿ ಮಾಡಿಸಬೇಕಾದ್ದು ಇಷ್ಟು. ಮುಖ್ಯ ಡಿಬಿಯಿಂದ (ಮನೆಯ ಸ್ವಿಚ್ಚುಗಳ ಪೆಟ್ಟಿಗೆ) ಟಬ್ಬಿಗೆಂದೇ ಪ್ರತ್ಯೇಕ ಲೈನ್, 6 ಚದರ ಮಿ.ಮೀ. ತಾಮ್ರ, ಲೋಡ್ ಮೀರಿದರೆ ತಾನೇ ಬೀಳುವ 32 ಆಂಪಿಯರ್ ಎಂಸಿಬಿ. ಅದಕ್ಕೆ ಅದರದೇ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್ಚು), ಎಲೆಕ್ಟ್ರಾನಿಕ್ ಕಂಟ್ರೋಲ್ ಇರುವುದರಿಂದ ಟೈಪ್ ಎ. ಮೀಟರ್ ಹತ್ತಿರ 100 ಅಥವಾ 300 ಮಿಲಿಆಂಪಿನದು ಇದೆಯಲ್ಲ ಎಂದು ಬಿಡುವಂತಿಲ್ಲ: ಅದು ವೈರು ಹೊತ್ತಿಕೊಳ್ಳದಂತೆ ಕಾಯುತ್ತದೆ, ಒದ್ದೆ ಮೈಯ ಮನುಷ್ಯನನ್ನು ಕಾಯುವುದಿಲ್ಲ. ಟಬ್ಬಿನಿಂದ ಕನಿಷ್ಠ 2 ಮೀಟರ್ ದೂರದಲ್ಲಿ, ಕಣ್ಣಿಗೆ ಕಾಣುವಲ್ಲಿ ಐಸೊಲೇಟರ್ ಸ್ವಿಚ್ಚು. ಆ 2 ಮೀಟರ್ ಒಳಗೆ ಸಾಕೆಟ್ಟು, ಫ್ಯಾನು, ಮಾಮೂಲು ಬಲ್ಬು ಯಾವುದೂ ಬೇಡ, ಬೆಳಕು ಬೇಕಿದ್ದರೆ 12 ವೋಲ್ಟಿನದು. ಹತ್ತಿರದ ಕಬ್ಬಿಣದ ರೇಲಿಂಗು, ನೀರಿನ ಲೋಹದ ಪೈಪು, ಟಬ್ಬಿನ ಉಕ್ಕಿನ ಫ್ರೇಮು ಎಲ್ಲವನ್ನೂ 4 ಚದರ ಮಿ.ಮೀ. ತಾಮ್ರದ ತಂತಿಯಿಂದ ಒಂದಕ್ಕೊಂದು ಕಟ್ಟಿ ಅರ್ತ್ ಮಾಡಿಸಿ. ಹಳೆಯ ಕಟ್ಟಡಗಳಲ್ಲಿ ಸಾಕೆಟ್ಟಿನ ಮೂರನೇ ತೂತಿನ ಹಿಂದೆ ತಂತಿಯೇ ಇಲ್ಲದಿರುವುದುಂಟು. ಅರ್ತಿಂಗ್ ಅಳೆಸಿ, ಅಂಕಿ ಬರೆಸಿಕೊಳ್ಳಿ.

ಅಮೆರಿಕದ ಮಾದರಿಗಳ ಬಗ್ಗೆ ಎಚ್ಚರ. ಅಲ್ಲಿನ ‘240 ವೋಲ್ಟ್’ ಎಂದರೆ 120-120ರ ಎರಡು ಜೀವಂತ ತಂತಿ, ಫ್ರೀಕ್ವೆನ್ಸಿ 60 ಹರ್ಟ್ಸ್. ನಮ್ಮ 50 ಹರ್ಟ್ಸಿನಲ್ಲಿ ಆ ಪಂಪು ಆರನೇ ಒಂದು ಭಾಗ ನಿಧಾನವಾಗಿ ತಿರುಗುತ್ತದೆ, ಮೋಟರ್ ಬಿಸಿಯೇರುತ್ತದೆ. ನೇಮ್‌ಪ್ಲೇಟಿನ ಮೇಲೆ 230 ವೋಲ್ಟ್, 50 ಹರ್ಟ್ಸ್ ಎಂದು ಅಚ್ಚಾಗಿರುವುದನ್ನು ಕಣ್ಣಾರೆ ನೋಡಿಯೇ ಹಣ ಕೊಡಿ.

ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದ್ದರೆ ಹೀಟರಿನ ಎಲಿಮೆಂಟ್ ಒಡೆದಿದೆ ಅಥವಾ ಪಂಪಿನ ಜೋಡಣೆ ಸೋರಿ ಮೋಟರಿಗೆ ನೀರು ಹೋಗಿದೆ ಎಂದು ಮೊದಲು ಸಂಶಯಪಡಿ. ಬೋರ್‌ವೆಲ್ ಅಥವಾ ಟ್ಯಾಂಕರಿನ ಗಡಸು ನೀರು ತುಂಬುವವರಿಗೆ ಎಲಿಮೆಂಟಿನ ಮೇಲೆ ಸುಣ್ಣ ಕಟ್ಟಿ ಇದು ಬೇಗ ಬರುತ್ತದೆ. ‘ಸುಮ್ಮನೆ ಟ್ರಿಪ್ ಆಗ್ತಿದೆ’ ಎಂದು ಆರ್‌ಸಿಸಿಬಿಯನ್ನೇ ಬಿಟ್ಟು ನೇರ ಕೊಡುವ ಎಲೆಕ್ಟ್ರಿಷಿಯನ್ ಸಿಕ್ಕರೆ ಅವನನ್ನು ಬಾಗಿಲಿನಿಂದಲೇ ಕಳಿಸಿ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡುವುದು ನಿಮ್ಮ ಕೆಲಸ.

ಖರ್ಚಿನ ಅಂದಾಜೂ ಇರಲಿ: 1,200 ಲೀಟರನ್ನು 25ರಿಂದ 38 ಡಿಗ್ರಿಗೆ ಏರಿಸಲು ಸುಮಾರು 18 ಯೂನಿಟ್, 3 ಕಿಲೋವ್ಯಾಟ್ ಹೀಟರಿಗೆ ಆರು ತಾಸು. ಮಾಡಿನ ಮೇಲೆ ಸೋಲಾರ್ ವಾಟರ್ ಹೀಟರ್ ಇದ್ದರೆ ತುಂಬುವಾಗಲೇ 60 ಡಿಗ್ರಿಯ 200 ಲೀಟರ್ ಬೆರೆಸಿ. ನೀರು 31 ಡಿಗ್ರಿ ಹತ್ತಿರದಿಂದ ಶುರುವಾಗುತ್ತದೆ, ಯೂನಿಟ್ ಅರ್ಧಕ್ಕಿಳಿಯುತ್ತದೆ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಟಬ್ ತುಂಬಿಸುವುದು ಮಾತ್ರ ಬೇಡವೇ ಬೇಡ. ತಾಸುಗಟ್ಟಲೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಒಳಗಿದ್ದವರಿಗೆ ಗೊತ್ತಾಗುವುದೂ ಇಲ್ಲ.

ಸೋರಿಕೆ, ಸದ್ದು

ಟಬ್ ಇಡುವ ಜಾಗಕ್ಕೆ ವಾಟರ್‌ಪ್ರೂಫಿಂಗ್ ಆದ ಮೇಲೆ ಸುತ್ತ ಸಣ್ಣ ಕಟ್ಟೆ ಕಟ್ಟಿ 5 ಸೆಂ.ಮೀ. ನೀರು 72 ತಾಸು ನಿಲ್ಲಿಸಿ, ಕೆಳಗಿನ ಸೀಲಿಂಗ್ ನೋಡಿ. ಖಾಲಿ ಮಾಡುವಾಗ ಸಾವಿರ ಲೀಟರ್ ಒಮ್ಮೆಲೇ ಬಂದರೆ ಬಚ್ಚಲಿನ ನಹಾನಿ ಟ್ರ್ಯಾಪ್ (ನೆಲದ ನೀರು ಹೋಗುವ ಜಾಲರಿ ಬಾಯಿ) ತಡೆಯುವುದಿಲ್ಲ, ಹಿಮ್ಮರಳಿ ಕೆಳಗಿನವರ ಬಚ್ಚಲಲ್ಲಿ ಉಕ್ಕುತ್ತದೆ. ವಾಲ್ವ್ ಅರ್ಧ ತೆರೆದು ನಿಧಾನ ಬಿಡಿ. ಕ್ಲೋರಿನ್ ನೀರು ಹೋಗಬೇಕಾದ್ದು ಡ್ರೈನೇಜ್ ಲೈನಿಗೆ, ಮಳೆನೀರಿನ ಪೈಪಿಗಲ್ಲ. ಎರಡು ದಿನ ಮುಚ್ಚಳ ತೆಗೆದಿಟ್ಟು, ನೀರು ಪರೀಕ್ಷಿಸುವ ಪಟ್ಟಿಯಲ್ಲಿ ಕ್ಲೋರಿನ್ ಸೊನ್ನೆ ತೋರಿಸಿದ ಮೇಲೆ ಗಿಡಕ್ಕೂ ಹಾಕಬಹುದು. ಮೇ ತಿಂಗಳಲ್ಲಿ ಪುಣೆಗೆ ನೀರು ಕೊಡುವ ಖಡಕ್‌ವಾಸಲಾ ಅಣೆಕಟ್ಟಿನ ನೀರು ಇಳಿದು ಸರಬರಾಜು ಕಡಿತವಾದಾಗ ಇದರಿಂದ ಸೊಸೈಟಿಯಲ್ಲಿ ಮುಖವೂ ಉಳಿಯುತ್ತದೆ.

ಪಂಪಿನ ಕೆಳಗೆ ರಬ್ಬರ್ ಪ್ಯಾಡ್ ಹಾಕಿಸಿ. 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಮಿತಿ 45 ಡೆಸಿಬೆಲ್. ಸ್ಲ್ಯಾಬಿಗೆ ತಾಗಿದ ಪಂಪು ಟೆರೇಸಿನಲ್ಲಿ ಮೆಲ್ಲಗೆ ಕೇಳಿದರೂ ಕೆಳಗಿನ ಬೆಡ್‌ರೂಮಿನಲ್ಲಿ ಗುಂಯ್‌ಗುಡುತ್ತದೆ. ಫಿಲ್ಟರ್ ಟೈಮರನ್ನು ಹಗಲಿಗೇ ಇಡಿ.

ಟಬ್ಬಿನೊಳಗೆ ಕೂರುವವರಿಗೆ

ನೀರು 40 ಡಿಗ್ರಿ ಮೀರಬಾರದು, ಆ ಬಿಸಿಯಲ್ಲಿ ಕಾಲು ಗಂಟೆಗಿಂತ ಹೆಚ್ಚು ಕೂರಬಾರದು. ಐದು ವರ್ಷದೊಳಗಿನ ಮಕ್ಕಳು ಬೇಡ. ಬಸುರಿಯರು, ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇಳಿಯಬಾರದು. ಬಿಸಿನೀರಿಗೆ ರಕ್ತನಾಳ ಹಿಗ್ಗಿ ಒತ್ತಡ ಇಳಿಯುತ್ತದೆ, ಥಟ್ಟನೆ ಎದ್ದರೆ ತಲೆಸುತ್ತಿ ಬೀಳುತ್ತಾರೆ. ಕುಡಿದಿದ್ದರೆ ಇನ್ನೂ ಬೇಗ.

ತಳದ ಹೀರುದ್ವಾರ ಬಹಳ ಜನ ನೋಡದ ಅಪಾಯ. ಒಂದೇ ದ್ವಾರವಿದ್ದು ಅದರ ಜಾಲರಿ ಮುರಿದಿದ್ದರೆ ಪಂಪಿನ ಸೆಳೆತ ಮಗುವನ್ನು ಅಲ್ಲಿಗೆ ಅಂಟಿಸಿ ಹಿಡಿಯುತ್ತದೆ, ದೊಡ್ಡವರು ಎಳೆದರೂ ಬಿಡುವುದಿಲ್ಲ. 2002ರಲ್ಲಿ ಅಮೆರಿಕದಲ್ಲಿ ಏಳು ವರ್ಷದ ಹುಡುಗಿ ಹೀಗೆ ಸ್ಪಾ ಟಬ್ಬಿನಲ್ಲಿ ತೀರಿಕೊಂಡ ಮೇಲೆ, 2007ರಲ್ಲಿ ಅವಳ ಹೆಸರಿನಲ್ಲೇ ಕಾನೂನು ಬಂತು. ನೀವು ನೋಡಬೇಕಾದ್ದು: ಕನಿಷ್ಠ 90 ಸೆಂ.ಮೀ. ಅಂತರದಲ್ಲಿ ಎರಡು ಹೀರುದ್ವಾರ, ಉಬ್ಬಿದ ಜಾಲರಿ, ಅದರ ಸ್ಕ್ರೂ ಬಿಗಿ. ಉದ್ದ ಕೂದಲನ್ನು ಕಟ್ಟಿಕೊಂಡೇ ಇಳಿಯಬೇಕು. ಜಾಲರಿ ಬಿರಿದ ದಿನವೇ ಪಂಪ್ ಬಂದ್.

ಪ್ಯಾರಪೆಟ್ಟಿನಿಂದ ಟಬ್ಬನ್ನು ಒಂದೂವರೆ ಮೀಟರಾದರೂ ಒಳಗಿಡಿ. 90 ಸೆಂ.ಮೀ. ಎತ್ತರದ ಟಬ್ಬಿನ ಅಂಚು ಒದ್ದೆಕಾಲಿನ ಹುಡುಗರಿಗೆ ಗೋಡೆ ಹತ್ತುವ ಮೆಟ್ಟಿಲಾಗುತ್ತದೆ. ಡೆಕ್ ಎತ್ತರಿಸಿದರೆ ಅಷ್ಟೇ ಎತ್ತರಕ್ಕೆ ರೇಲಿಂಗೂ ಏರಬೇಕು. ಬೀಗ ಹಾಕುವ, ಬೆಲ್ಟಿನಿಂದ ಬಿಗಿಯುವ ಮುಚ್ಚಳವೇ ಬೇಕು. ಬರೀ ಮೇಲಿಟ್ಟ ಮುಚ್ಚಳ ಮಗುವನ್ನೂ ತಡೆಯುವುದಿಲ್ಲ, ಮಳೆಗಾಲದ ಗಾಳಿಗೂ ನಿಲ್ಲುವುದಿಲ್ಲ. 2020ರ ಜೂನ್ 3ರಂದು ಅಲಿಬಾಗ್ ಹತ್ತಿರ ಅಪ್ಪಳಿಸಿದ ನಿಸರ್ಗದಂಥ ಬಿರುಗಾಳಿಗೆ ಅದು ಪಕ್ಕದ ಕಟ್ಟಡದ ಗಾಜಿಗೆ ಹೋಗಿ ಬಡಿಯಬಲ್ಲದು. ಗುಡುಗು ಕೇಳಿದರೆ ಎದ್ದು ಒಳಗೆ ಬನ್ನಿ.

ನೀರಿನ ಆರೈಕೆ

ಕ್ಲೋರಿನ್ ಕನಿಷ್ಠ 3 ಪಿಪಿಎಂ (ಲೀಟರಿಗೆ 3 ಮಿಲಿಗ್ರಾಂ), ಪಿಎಚ್ 7.0ರಿಂದ 7.8. ಬೆಚ್ಚಗಿನ ನೀರಿನಲ್ಲಿ ಕ್ಲೋರಿನ್ ಬೇಗ ಹಾರುತ್ತದೆ, ಆದ್ದರಿಂದ ಇಳಿಯುವ ಮೊದಲು ಪ್ರತಿಸಲವೂ ಪಟ್ಟಿ ಅದ್ದಿ ನೋಡಬೇಕು. 25ರಿಂದ 45 ಡಿಗ್ರಿ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಲು ಹೇಳಿಮಾಡಿಸಿದ ಬಿಸಿ. ಜೆಟ್ ಎಬ್ಬಿಸುವ ತುಂತುರಿನ ಜೊತೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಕ್ಲೋರಿನ್ ಇಲ್ಲದ 1,200 ಲೀಟರಿಗೆ 3 ಪಿಪಿಎಂ ತರಲು 65 ಶೇಕಡಾದ ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಐದಾರು ಗ್ರಾಂ ಸಾಕು. ಒಂದು ಬಕೆಟ್ ನೀರಿಗೆ ಪುಡಿ ಹಾಕಿ ಕರಗಿಸಿ ಸುರಿಯಿರಿ, ಪುಡಿಯ ಮೇಲೆ ನೀರು ಹಾಕಬೇಡಿ. ಆಸಿಡ್ ಜೊತೆ ಒಂದೇ ಬಕೆಟ್ಟಿನಲ್ಲಿ ಬೆರೆಸಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಸ್ವಿಮ್ಮಿಂಗ್ ಪೂಲಿನ ದಪ್ಪ ಮಾತ್ರೆಗಳು ಬೇಡ, ಅವುಗಳಲ್ಲಿರುವ ಸಯನೂರಿಕ್ ಆಸಿಡ್ ಸಣ್ಣ ಟಬ್ಬಿನಲ್ಲಿ ಸಂಗ್ರಹವಾಗಿ ಕ್ಲೋರಿನ್ನಿನ ಕೈ ಕಟ್ಟುತ್ತದೆ.

ನೀರು ಬದಲಿಸಲು ಲೆಕ್ಕ: ಲೀಟರನ್ನು 11ರಿಂದ ಭಾಗಿಸಿ, ದಿನಕ್ಕೆ ಎಷ್ಟು ಜನ ಇಳಿಯುತ್ತಾರೋ ಅದರಿಂದ ಮತ್ತೆ ಭಾಗಿಸಿ. 1,200 ಲೀಟರ್, ಮೂವರು ಎಂದರೆ 36 ದಿನ. ದೀಪಾವಳಿಗೆ ಎಣ್ಣೆ ಹಚ್ಚಿಕೊಂಡು ಟಬ್ಬಿಗಿಳಿಯುವ ಆಸೆ ನಮ್ಮವರಿಗೆ ಬರದೆ ಇರದು. ಎಣ್ಣೆ ಕ್ಲೋರಿನ್ನನ್ನೆಲ್ಲ ತಿಂದುಹಾಕಿ ಫಿಲ್ಟರಿಗೆ ಮೆತ್ತುತ್ತದೆ, ಸೀಗೆಪುಡಿ ಹೋದರೆ ಫಿಲ್ಟರ್ ಎಸೆಯಬೇಕು. ಅಭ್ಯಂಜನ ಬಚ್ಚಲಲ್ಲಿ ಮುಗಿಸಿ, ಸೋಪು ಹಾಕಿ ತೊಳೆದುಕೊಂಡು ಬನ್ನಿ.

ಗೋವಾದ ಮನೆಯಲ್ಲಿ

ಅಲ್ಲಿ ನೆಲದ ಮೇಲೇ ಇಡಬಹುದಾದ್ದರಿಂದ ಭಾರದ ಚಿಂತೆ ಕಡಿಮೆ, ಕಾಗದದ ಚಿಂತೆ ಹೆಚ್ಚು. ಹೂಳುವ ಟಬ್ಬಿಗೆ ಹಳ್ಳಿಯಾದರೆ ಪಂಚಾಯ್ತಿಯ ಕನ್‌ಸ್ಟ್ರಕ್ಷನ್ ಲೈಸೆನ್ಸು, ಅದಕ್ಕೂ ಮೊದಲು ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಇಲಾಖೆಯ ತಾಂತ್ರಿಕ ಒಪ್ಪಿಗೆ. ಸಮುದ್ರ ಅಥವಾ ಉಬ್ಬರವಿಳಿತ ಬರುವ ನದಿಯ ದಂಡೆಯ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ಪಟ್ಟಿಯೊಳಗಿದ್ದರೆ ಗೋವಾ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆಯೂ ಬೇಕು. ಮನೆಯನ್ನು ಪ್ರವಾಸಿಗರಿಗೆ ಬಾಡಿಗೆ ಕೊಡುವುದಾದರೆ 1982ರ ಕಾಯ್ದೆಯಡಿ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ. ಸೆಪ್ಟಿಕ್ ಟ್ಯಾಂಕಿಗೆ ಟಬ್ಬಿನ ನೀರು ಬಿಡಬೇಡಿ, ಕ್ಲೋರಿನ್ ಅಲ್ಲಿನ ಬ್ಯಾಕ್ಟೀರಿಯಾ ಕೊಂದು ಟ್ಯಾಂಕ್ ನಾರಲು ಶುರುವಾಗುತ್ತದೆ.

ಹೂತ ಫೈಬರ್ ಟಬ್ಬನ್ನು ಜುಲೈ-ಆಗಸ್ಟಿನಲ್ಲಿ ಖಾಲಿ ಮಾಡಲೇಬೇಡಿ. ಜಂಬಿಟ್ಟಿಗೆ ನೆಲದಲ್ಲಿ ಅಂತರ್ಜಲ ಮೇಲೇರಿರುತ್ತದೆ, ಒಳಗೆ ನೀರಿಲ್ಲದ ಶೆಲ್ಲು ದೋಣಿಯಂತೆ ತೇಲಿ ಮೇಲೆದ್ದು ಪೈಪುಗಳನ್ನೆಲ್ಲ ಕಿತ್ತುಹಾಕುತ್ತದೆ.

ಟೆರೇಸಿನ ಟಬ್ಬಿಗೆ ಇದಕ್ಕೆ ವಿರುದ್ಧ. ಹದಿನೈದು ದಿನ ಊರಿಗೆ ಹೋಗುವುದಿದ್ದರೆ ಮೇನ್ ಆಫ್ ಮಾಡಿ ಪೂರ್ತಿ ಖಾಲಿ ಮಾಡಿ. ಜೆಟ್ಟು, ಪಂಪಿನಲ್ಲಿ ಉಳಿದ ನೀರನ್ನು ಬ್ಲೋವರಿನಿಂದ ಊದಿ ಹೊರಹಾಕಿ, ತಳ ಒರೆಸಿ, ಮುಚ್ಚಳದ ತಗ್ಗಿನಲ್ಲಿ ಮಳೆನೀರು ನಿಲ್ಲದಂತೆ ಓರೆಯಾಗಿ ಬಿಗಿಯಿರಿ. ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಏಳರಿಂದ ಹತ್ತು ದಿನ ಸಾಕು, ಮಳೆಗಾಲದಲ್ಲಿ ಡೆಂಗಿ ತಪಾಸಣೆಗೆ ಬರುವ ಪಾಲಿಕೆಯವರು ಟೆರೇಸನ್ನೂ ನೋಡುತ್ತಾರೆ, ಮರಿ ಕಂಡರೆ ನೋಟಿಸು ಮನೆಯ ಯಜಮಾನರ ಹೆಸರಿಗೇ ಬರುತ್ತದೆ.